ಮುಚ್ಚಿದರೆ ಹತ್ತುವ ದೀಪ

“ಅಕ್ಕೋರ, ನಿಮಗ ಕನ್ನಡಾ ಬರತೈತೇನ್ರಿ?”

ನಡುವಿನ ಬೆಂಚಿನಿಂದ ಎದ್ದು ನಿಂತ ಹುಡುಗಿಯೊಬ್ಬಳು ಹೀಗೆ ಕೇಳಿದಾಗ ನಾನು ಪಾಠ ಮಾಡುತ್ತಿದ್ದದ್ದು ಕನ್ನಡದಲ್ಲೇ. ತಮಾಷೆಗೆ ಕೇಳಿದ್ದಲ್ಲ. ರೇಣುಕಾ ಎಂಬ ಆ ಹುಡುಗಿಯ ಮುಖದಲ್ಲಿ ಕುಚೋದ್ಯದ ಸುಳಿವೇ ಇರಲಿಲ್ಲ. ಬರುವುದಿಲ್ಲವಾದರೆ ಬರುವುದಿಲ್ಲ ಎಂದು ಹೇಳಿಬಿಡಲಿ, ಹೇಗೋ ಹೊಂದಿಸಿಕೊಂಡು ಹೋದರಾಯಿತು ಎನ್ನುವ ಕಾಳಜಿ ಇತ್ತು. ಉಳಿದವರೂ ನಗಲಿಲ್ಲ, ನನ್ನ ಉತ್ತರಕ್ಕೆ ಕಾದರು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಆವತ್ತು ಮಾತ್ರ ಕೋಪ ಬರಲಿಲ್ಲ. ಕೊಳ್ಳೇಗಾಲದಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಕನ್ನಡದಲ್ಲೇ ಜಗಳವಾಡಿ ದೊಡ್ಡವಳಾದ ನನ್ನನ್ನು ಅಲ್ಲಿಯವರೆಗೆ ಹಾಗೆ ಕೇಳಿದವರು ಯಾರೂ ಇರಲಿಲ್ಲ. “ಬರುತ್ತೆ, ಕೂತ್ಕೋ” ಎಂದೆ. ಆ ‘ಬರುತ್ತೆ’ಗೂ ಹಿಂದಿನ ಬೆಂಚಿನವರು ಮುಖ ಮುಖ ನೋಡಿಕೊಂಡರು.

ಅಕ್ಕೋರು ಎಂದರೆ ಈ ಕಡೆ ಟೀಚರಮ್ಮ. ನಮ್ಮಲ್ಲಿ ‘ಮಿಸ್’ ಎನ್ನುವ ಕಡೆಯಲ್ಲೆಲ್ಲ ಇವರು ಅಕ್ಕೋರು ಎನ್ನುತ್ತಾರೆ. ನನಗೆ ಮೊದಲ ದಿನವೇ ಇಷ್ಟವಾದದ್ದು ಇದೊಂದೇ ಮಾತು. ನಾನಿನ್ನೂ ಟೀಚರಾಗಿರಲಿಲ್ಲ, ಬಿ.ಎಡ್. ಓದುತ್ತಿದ್ದವಳು, ತರಬೇತಿಗೆಂದು ಶಾಲೆಗೆ ಬಂದವಳು. ಕಾಲೇಜಿನ ಹಾಜರಿಯಲ್ಲಿ ನಾನು ಬರೀ ‘ಪ್ರಶಿಕ್ಷಣಾರ್ಥಿ’. ಆ ಪದ ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಮಕ್ಕಳು ಮಾತ್ರ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಅಕ್ಕೋರು ಎಂದು ಕರೆದುಬಿಟ್ಟರು.

ಊರಿನವರು ಕೇಳುತ್ತೀರಿ, ಟೀಚರಾಗಲು ಅಷ್ಟು ದೂರ ಯಾಕೆ ಹೋದೆ ಎಂದು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಮ್ಮೂರಿನ ಟ್ಯೂಷನ್ ಕೋಣೆಯಲ್ಲಿ ವರ್ಷಗಟ್ಟಲೆ ಅವೇ ಲೆಕ್ಕಗಳನ್ನು ಮಾಡಿಸಿ ನನಗೆ ಸಾಕಾಗಿತ್ತು. ಶಾಲೆಯಲ್ಲಿ, ಕಪ್ಪು ಹಲಗೆಯ ಮುಂದೆ, ಮೊದಲ ಸಲ ಕೇಳುವ ಮಕ್ಕಳಿಗೆ ಹೇಳಬೇಕು ಎನ್ನುವುದು ನನ್ನ ಆಸೆ. ಕೌನ್ಸೆಲಿಂಗಿನಲ್ಲಿ ನನ್ನ ಪಾಲಿಗೆ ಉಳಿದದ್ದು ಧಾರವಾಡ ಜಿಲ್ಲೆಯ ಸೀಟು. ಅಪ್ಪ ಭೂಪಟ ತೆಗೆದು ಬೆರಳಿಟ್ಟು ನೋಡಿ, ಇದು ಇನ್ನೊಂದು ರಾಜ್ಯವಲ್ಲವಲ್ಲ, ನಮ್ಮ ಭಾಷೆಯೇ ಅಲ್ಲವಾ, ಹೋಗು ಎಂದರು. ನಮ್ಮ ಭಾಷೆಯೇ ಎಂದು ನಂಬಿಕೊಂಡು ನಾನೂ ಹೊರಟುಬಿಟ್ಟೆ.

ಅಣ್ಣಿಗೇರಿಯಲ್ಲಿ ರೈಲಿಳಿದಾಗ ನನ್ನನ್ನು ಹೆದರಿಸಿದ್ದು ಬಯಲು. ನಮ್ಮಲ್ಲಿ ಎತ್ತ ತಿರುಗಿದರೂ ಕಣ್ಣಿಗೊಂದು ಬೆಟ್ಟ ಅಡ್ಡ ಸಿಗುತ್ತದೆ, ಅದನ್ನು ನೋಡಿಕೊಂಡು ದಿಕ್ಕು ತಿಳಿಯುತ್ತೇವೆ. ಇಲ್ಲಿ ಕರಿಯ ನೆಲ ಹೋಗಿ ಹೋಗಿ ಆಕಾಶಕ್ಕೆ ತಾಗುತ್ತದೆ, ನಡುವೆ ಒಂದು ದಿಬ್ಬವೂ ಇಲ್ಲ. ಮಳೆ ಬಿದ್ದರೆ ಆ ಕರಿಮಣ್ಣು ಚಪ್ಪಲಿಗೆ ಹತ್ತಿ, ಹತ್ತಿದ್ದಕ್ಕೆ ಇನ್ನಷ್ಟು ಹತ್ತಿ, ಕಾಲು ಎತ್ತಲಾಗದಷ್ಟು ಭಾರವಾಗುತ್ತದೆ. ಇಲ್ಲಿನವರು ಅದಕ್ಕೆ ರಾಡಿ ಎನ್ನುತ್ತಾರೆ. ಮೊದಲ ಮಳೆಗಾಲದಲ್ಲಿ ನಾನು ತರಬೇತಿಯ ಸೀರೆಯನ್ನು ಮೊಣಕಾಲಿಗೆತ್ತಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಶಾಲೆಗೆ ನಡೆದಿದ್ದೇನೆ. ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವರು ನಿಲ್ಲಿಸಿ ಹತ್ತಿಸಿಕೊಂಡರು, ಜೊತೆಗೆ ಊರು, ಕುಲ, ಮದುವೆ ಎಲ್ಲವನ್ನೂ ವಿಚಾರಿಸಿಕೊಂಡರು.

ಕುಲದ ಮಾತು ಬಂತಲ್ಲ, ಮನೆ ಹುಡುಕಿದ ಕತೆಯನ್ನೂ ಹೇಳಿಬಿಡುತ್ತೇನೆ. ಅಣ್ಣಿಗೇರಿಯಲ್ಲಿ ಬಾಡಿಗೆ ಕೋಣೆ ಕೇಳಿಕೊಂಡು ಹೋದಲ್ಲೆಲ್ಲ ಚಹಾ ಕೊಟ್ಟರು. ಬಹಳ ಚೆನ್ನಾಗಿ ಮಾತಾಡಿದರು. ಕಪ್ಪು ಖಾಲಿಯಾಗುವ ಹೊತ್ತಿಗೆ, ನಿಮ್ಮವರು ಯಾವ ಪೈಕಿರಿ ಎಂದು ಕೇಳಿದರು. ಹೇಳಿದೆ. ಸುಳ್ಳು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಆಮೇಲೆ ಒಬ್ಬರ ಮನೆಗೆ ತಮ್ಮ ಬರುವವನಿದ್ದ, ಇನ್ನೊಬ್ಬರಿಗೆ ಆ ಕೋಣೆಯಲ್ಲಿ ಕಡಲೆ ಚೀಲ ಇಡಬೇಕಿತ್ತು. ಈ ವಿಷಯದಲ್ಲಿ ಅಲ್ಲಿಗೂ ಇಲ್ಲಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ಕೇಳುವ ಮೊದಲೇ ಗೊತ್ತಿರುತ್ತದೆ, ಇಲ್ಲಿ ಕೇಳಿ ತಿಳಿದುಕೊಳ್ಳುತ್ತಾರೆ, ಅಷ್ಟೇ.

ಕೊನೆಗೆ ಕೋಣೆ ಸಿಕ್ಕಿದ್ದು ಶಾಂತವ್ವ ಕಾಕು ಅವರ ಮನೆಯಲ್ಲಿ. ಕಾಕು ಎಂದರೆ ಚಿಕ್ಕಮ್ಮ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ತಲೆಮಾರುಗಳಿಂದ ಇದೇ ಓಣಿಯವರು. ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ನಮ್ಮ ಮನೆಯಲ್ಲಿರುವ ಅದೇ ನೀಲಿ ಕೋಟಿನ ಫೋಟೋ. ಕಾಕು ನನ್ನನ್ನು ಏನೂ ಕೇಳಲಿಲ್ಲ. ನಾನು ಫೋಟೋ ನೋಡಿ ನಿಂತದ್ದನ್ನು ನೋಡಿ, ಚೀಲ ಒಳಗೆ ಇಡು ಎಂದರು. ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಊರು ಬಿಟ್ಟ ಮೇಲೆ ಅದೇ ಮೊದಲ ಸಲ ಅತ್ತದ್ದು.

ಊಟದ ವಿಷಯದಲ್ಲಿ ನಾವಿಬ್ಬರೂ ಬಹಳ ನಕ್ಕಿದ್ದೇವೆ. ರಾತ್ರಿ ನಿಮ್ಮ ಮನೆಯಲ್ಲಿ ಏನು ಉಣ್ಣುತ್ತೀರಿ ಎಂದು ಕಾಕು ಕೇಳಿದರು. ಹಿಟ್ಟು ಉಣ್ಣುತ್ತೇವೆ ಎಂದೆ. ನಮ್ಮಲ್ಲಿ ಮುದ್ದೆಗೆ ಹಿಟ್ಟು ಎನ್ನುವುದು ಇವರಿಗೆ ಹೇಗೆ ಗೊತ್ತಾಗಬೇಕು? ಇಲ್ಲಿ ಹಿಟ್ಟು ಎಂದರೆ ಗಿರಣಿಯಿಂದ ಬೀಸಿಕೊಂಡು ತಂದ ಒಣ ಹಿಟ್ಟು. ಕಾಕು ನನ್ನನ್ನು ಮರುಕದಿಂದ ನೋಡಿ, ಹಾಗಾದರೆ ಇವತ್ತು ರೊಟ್ಟಿ ಜೊತೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನು ಎಂದರು. ಈಗ ಗಾಬರಿಯಾಗುವ ಸರದಿ ನನ್ನದು. ನಮ್ಮಲ್ಲಿ ಹಿಂಡಿ ಹಾಕುವುದು ಎಮ್ಮೆಗೆ. ತಟ್ಟೆಗೆ ಬಂದದ್ದು ನೋಡಿದರೆ ಘಮಘಮ ಎನ್ನುವ ಕಡಲೆಕಾಯಿ ಚಟ್ನಿಪುಡಿ. ಜೋಳದ ರೊಟ್ಟಿ ನನ್ನ ಹೊಟ್ಟೆಗೆ ಹೊಂದಲು ತಿಂಗಳುಗಳೇ ಬೇಕಾದವು. ರಾಗಿಯ ಆಸೆ ಈಗಲೂ ಹೋಗಿಲ್ಲ. ಇಲ್ಲಿನ ಅಂಗಡಿಯಲ್ಲಿ ರಾಗಿ ಕೇಳಿದರೆ ಯಾರಿಗೆ ಸಕ್ಕರೆ ಕಾಯಿಲೆ ಎಂದು ವಿಚಾರಿಸುತ್ತಾರೆ.

ಒಂಟಿತನ ಇತ್ತು. ಮುಚ್ಚಿಡುವುದೇನೂ ಇಲ್ಲ. ಕಾಲೇಜಿನಲ್ಲಿ ನನ್ನ ಜೊತೆಯವರೆಲ್ಲ ಸುತ್ತಲಿನ ಊರುಗಳವರು, ಸಂಜೆ ಬಸ್ಸಿಗೆ ಮನೆಗೆ ಹೋಗಿಬಿಡುವವರು. ನನಗೆ ಉಳಿಯುತ್ತಿದ್ದದ್ದು ಪಾಠಯೋಜನೆ ಬರೆಯುವ ಕೆಲಸ. ಒಂದು ಪೀರಿಯಡ್ಡಿನಲ್ಲಿ ಏನು ಹೇಳುತ್ತೇವೆ, ಏನು ಕೇಳುತ್ತೇವೆ, ಮಕ್ಕಳು ಏನು ಹೇಳುತ್ತಾರೆ ಎಲ್ಲವನ್ನೂ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಬೇಕು. ಅದರಲ್ಲಿ ‘ನಿರೀಕ್ಷಿತ ಉತ್ತರ’ ಎಂದೊಂದು ಕಾಲಂ ಇದೆ. ಅಷ್ಟು ಸುಳ್ಳು ಬರೆಸುವ ಕಾಲಂ ಇನ್ನೊಂದಿಲ್ಲ. ನನ್ನ ಪ್ರಶ್ನೆಯೇ ಮಕ್ಕಳಿಗೆ ತಿಳಿಯದಿರುವಾಗ ನಿರೀಕ್ಷಿತ ಉತ್ತರ ಎಲ್ಲಿಂದ ಬರಬೇಕು? ನಾನು ‘ಯಾವುದು ಜಾಸ್ತಿ ತೂಕ’ ಎಂದರೆ ಅವರು ಸುಮ್ಮನೆ ಕೂರುತ್ತಿದ್ದರು. ‘ಯಾವುದು ವಜ್ಜ’ ಎಂದು ಕೇಳಬೇಕಿತ್ತೆಂದು ನನಗೆ ತಿಳಿಯಲು ವಾರವೇ ಹಿಡಿಯಿತು.

ಶಾಲೆ ಇದ್ದದ್ದು ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಹೆಸರು ಬೇಡ. ಅಲ್ಲಿ ಭೌತಶಾಸ್ತ್ರ ಕಲಿಸುವವರು ಇಲ್ಲದೆ ಎಷ್ಟೋ ವರ್ಷಗಳಾಗಿದ್ದವು. ಜೀವಶಾಸ್ತ್ರದವರೊಬ್ಬರು ಪಾಪ, ತಮ್ಮ ಪಾಠದ ಜೊತೆಗೆ ಇದನ್ನೂ ಓದಿಸುತ್ತಿದ್ದರು. ಓದಿಸುವುದೆಂದರೆ ಪುಸ್ತಕದ ಸಾಲುಗಳನ್ನು ತೋರಿಸಿ, ಇದಕ್ಕೊಂದು ಗೆರೆ ಹೊಡೆಯಿರಿ, ಇದಕ್ಕೊಂದು ಹೊಡೆಯಿರಿ ಎನ್ನುವುದು. ಮಕ್ಕಳ ಪುಸ್ತಕದಲ್ಲಿ ಗೆರೆ ಬೀಳದ ಸಾಲೇ ಇರಲಿಲ್ಲ. ತರಬೇತಿಯವರಿಗೆ ಸಾಮಾನ್ಯವಾಗಿ ಹತ್ತನೆಯ ತರಗತಿ ಕೊಡುವುದಿಲ್ಲ, ಪಬ್ಲಿಕ್ ಪರೀಕ್ಷೆಯ ಮಕ್ಕಳು ಹಾಳಾದಾರೆಂಬ ಹೆದರಿಕೆ. ಇಲ್ಲಿನ ಹೆಡ್‌ಮಾಸ್ತರರು ಮಾತ್ರ ಬಂದ ದಿನವೇ ನನ್ನನ್ನು ಹತ್ತನೆಯ ತರಗತಿಗೆ ಕಳಿಸಿದರು. ಇದಕ್ಕಿಂತ ಹಾಳಾಗುವುದೇನಿದೆ ಎಂದು ಅವರಿಗೆ ಅನ್ನಿಸಿರಬೇಕು.

ಹೆಡ್‌ಮಾಸ್ತರರು ನೇರ ಮಾತಿನ ಮನುಷ್ಯ. ಕೆಲವು ವಾರ ನನ್ನನ್ನು ನೋಡಿದ ಮೇಲೆ ಒಂದು ದಿನ ಕರೆದು ಹೇಳಿದರು: “ನೋಡ್ರಿ ಅಕ್ಕೋರ, ನಿಮ್ಮ ಪರೀಕ್ಷಾ ಪಾಠ ಚೊಲೊ ಆತಂದ್ರ ಮುಂದಿನ ವರ್ಷ ನಿಮ್ಮನ್ನ ಗೆಸ್ಟ್ ಅಂತ ಇಲ್ಲೇ ತಗೋತೀನಿ. ನಮ್ಮ ಮಕ್ಕಳಿಗೂ ಒಬ್ಬರು ಬೇಕು.” ಅತಿಥಿ ಶಿಕ್ಷಕಿ ಎಂದರೆ ಖಾಯಂ ಅಲ್ಲ, ಕರೆದಾಗ ಬರಬೇಕು, ಬೇಡ ಎಂದಾಗ ಹೋಗಬೇಕು. ಆದರೂ ನನಗೆ ಆ ಮಾತು ಸಾಕಾಗಿತ್ತು. ನಮ್ಮೂರಿನ ಶಾಲೆಗಳಲ್ಲಿ ಗೆಸ್ಟ್ ಆಗಲೂ ಬಿ.ಎಡ್. ಆದವರ ಸಾಲು ಗೇಟಿನವರೆಗೆ ಇರುತ್ತದೆ. ಸರ್ಕಾರದ ನೇಮಕಾತಿಯ ಕತೆಯಂತೂ ನಿಮಗೇ ಗೊತ್ತು, ‘ಈ ಸಲ ಕರೆಯುತ್ತಾರಂತೆ’ ಎನ್ನುವ ಮಾತು ಕೇಳಿಕೊಂಡೇ ನನ್ನ ಜೊತೆಯವರ ತಲೆಗೂದಲು ನರೆಯುತ್ತಿದೆ. ನಾನು ಕಪ್ಪು ಹಲಗೆಯ ಮುಂದೆ ನಿಲ್ಲುವುದಾದರೆ ಈ ಶಾಲೆಯಲ್ಲಿ ಮಾತ್ರ ಎಂದು ಆವತ್ತೇ ಖಾತ್ರಿಯಾಯಿತು. ಹಾಗಾಗಿ ಆ ಒಂದು ಪರೀಕ್ಷಾ ಪಾಠ ನನಗೆ ಜೀವಕ್ಕಿಂತ ಹೆಚ್ಚಾಯಿತು.

ಪಾಠ ಚೆನ್ನಾಗಿ ಆಗಬೇಕಾದರೆ ಇವರ ಮಾತು ಕಲಿಯಬೇಕು ಎಂದು ಹಟ ಹಿಡಿದೆ. ಕಾಕುವಿನ ಜೊತೆ ಸಂತೆಗೆ ಹೋದೆ, ಬಸ್ಸಿನಲ್ಲಿ ಕಿವಿ ತೆರೆದು ಕೂತೆ. ಪಕ್ಕ ಎನ್ನುವುದನ್ನು ಬಿಟ್ಟು ಬಾಜು ಎಂದೆ, ತುಂಬಾ ಬಿಟ್ಟು ಅಗದಿ ಎಂದೆ. ಮೊದಲ ಗೆಲುವು ಒಂಬತ್ತನೆಯ ತರಗತಿಯಲ್ಲಿ ಸಿಕ್ಕಿತು. ಒತ್ತಡದ ಪಾಠ. ರಾಡಿಯಲ್ಲಿ ಸೈಕಲ್ಲು ಹೂತುಹೋಗುತ್ತದೆ, ಅದಕ್ಕಿಂತ ಎಷ್ಟೋ ಪಟ್ಟು ವಜ್ಜ ಇರುವ ಟ್ರ್ಯಾಕ್ಟರ್ ಯಾಕೆ ದಾಟಿಬಿಡುತ್ತದೆ ಎಂದು ಕೇಳಿದೆ. ಇಡೀ ಕ್ಲಾಸು ಎದ್ದು ನಿಂತಿತು. ಗಾಲಿ ಅಗಲ ಇರತಾವ್ರಿ, ವಜ್ಜ ಹಂಚಿ ಹೋಗತೈತ್ರಿ ಎಂದು ಒಬ್ಬರ ಮೇಲೊಬ್ಬರು ಹೇಳತೊಡಗಿದರು. ಪುಸ್ತಕದಲ್ಲಿದ್ದ ವ್ಯಾಖ್ಯೆಯನ್ನು ಗೆರೆ ಹೊಡೆಸದೆ ಅವರ ಬಾಯಿಂದಲೇ ಹೊರಡಿಸಿದ್ದೆ. ಆವತ್ತು ಮನೆಗೆ ಹೋಗುವಾಗ ಬಯಲು ನೋಡಿ ಹೆದರಿಕೆಯಾಗಲಿಲ್ಲ. ನನಗೆ ಇಲ್ಲಿನ ಕನ್ನಡ ಬಂದೇಬಿಟ್ಟಿತು ಎಂದು ಜಂಬ ಬಂತು. ಆ ಜಂಬವೇ ಮುಂದೆ ನನ್ನ ಕುತ್ತಿಗೆಗೆ ಬಂದದ್ದು.

ಪರೀಕ್ಷಾ ಪಾಠಕ್ಕೆ ನನಗೆ ಬಂದ ವಿಷಯ ವಿದ್ಯುನ್ಮಂಡಲ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ತಂತಿಯಲ್ಲಿ ಹರಿದು, ಬಲ್ಬನ್ನು ಉರಿಸಿ, ಮತ್ತೆ ಬ್ಯಾಟರಿಗೇ ಮರಳುವ ದಾರಿಗೆ ಮಂಡಲ ಎನ್ನುತ್ತಾರೆ. ದಾರಿ ಎಲ್ಲೂ ಕಡಿಯದೆ ಪೂರ್ತಿಯಾಗಿದ್ದರೆ ಅದು ಮುಚ್ಚಿದ ಮಂಡಲ, ಬಲ್ಬು ಉರಿಯುತ್ತದೆ. ಎಲ್ಲಾದರೂ ಕಡಿದಿದ್ದರೆ ತೆರೆದ ಮಂಡಲ, ಉರಿಯುವುದಿಲ್ಲ. ಪುಸ್ತಕದ ಈ ‘ಮುಚ್ಚಿದ’ ಎನ್ನುವ ಪದ ಈ ಮಕ್ಕಳಿಗೆ ದೂರವಾಗುತ್ತದೆ, ಇವರ ಮಾತನ್ನೇ ಬಳಸೋಣ ಎಂದುಕೊಂಡೆ. ಕಾಕು ಬಾಗಿಲು ಬಂದ್ ಮಾಡು ಎನ್ನುತ್ತಾರೆ, ಪೆಟ್ಟಿಗೆ ಬಂದ್ ಮಾಡು ಎನ್ನುತ್ತಾರೆ. ಮುಚ್ಚುವುದಕ್ಕೆಲ್ಲ ಇಲ್ಲಿ ಬಂದ್. ಹಾಗಾದರೆ ಮುಚ್ಚಿದ ಮಂಡಲ ಎಂದರೆ ಬಂದ್ ಆದ ಸರ್ಕೀಟು. ಎಷ್ಟು ಸರಳ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆವತ್ತು ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಹೆಡ್‌ಮಾಸ್ತರರು. ಒಂದು ಮರದ ಹಲಗೆಯ ಮೇಲೆ ಬ್ಯಾಟರಿ, ಬಲ್ಬು, ತಂತಿ, ಸ್ವಿಚ್ಚಿನ ಬದಲು ಒಂದು ಕೀಲಿ ಎಲ್ಲವನ್ನೂ ಜೋಡಿಸಿ ತಂದಿದ್ದೆ. ಕೀಲಿಯ ತೂತಿಗೆ ತೂರಿಸುವ ಗುಬಟು ಹೊರಗಿತ್ತು, ಬಲ್ಬು ಆರಿತ್ತು. ಪೀಠಿಕೆ ಚೆನ್ನಾಗಿಯೇ ಹೋಯಿತು. ಆಮೇಲೆ ಮುಖ್ಯ ಪ್ರಶ್ನೆ ಕೇಳಿದೆ, ಈ ಸರ್ಕೀಟು ಬಂದ್ ಮಾಡಿದರೆ ಬಲ್ಬು ಏನಾಗುತ್ತದೆ? ಇಡೀ ಕ್ಲಾಸು ಒಂದೇ ದನಿಯಲ್ಲಿ, ಆರತೈತ್ರಿ ಎಂದಿತು. ಅಲ್ಲ, ಹತ್ತುತ್ತದೆ ಎಂದೆ. ಹತ್ತುವುದೆಂದರೆ ಇಲ್ಲಿ ದೀಪ ಉರಿಯುವುದು, ಆ ಮಾತನ್ನು ಸರಿಯಾಗಿಯೇ ಕಲಿತಿದ್ದೆ. ಮಕ್ಕಳು ಗೊಳ್ಳೆಂದು ನಕ್ಕರು. ಹೆಡ್‌ಮಾಸ್ತರರೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಯಾಕೆ ನಗುತ್ತಿದ್ದಾರೆಂದು ನನಗೆ ಗೊತ್ತಾಗಲಿಲ್ಲ.

ರೇಣುಕಾಳನ್ನು ಮುಂದಕ್ಕೆ ಕರೆದೆ. ಬಂದ್ ಮಾಡು ಎಂದೆ. ಆಕೆ ಆರಿದ್ದ ಬಲ್ಬನ್ನು ನೋಡಿದಳು, ನನ್ನನ್ನು ನೋಡಿದಳು. ಬಂದ್ ಐತ್ರಲ್ಲ ಎಂದಳು. ಇಲ್ಲ, ಬಂದ್ ಇಲ್ಲ, ಸರಿಯಾಗಿ ಬಂದ್ ಮಾಡು ಎಂದೆ. ನನ್ನ ದನಿ ಏರಿರಬೇಕು. ಹುಡುಗಿ ನನ್ನ ಮಾತು ಮೀರುವವಳಲ್ಲ. ಇನ್ನೇನು ಬಂದ್ ಮಾಡಲು ಉಳಿದಿದೆ ಎಂದು ಹುಡುಕಿ, ಬ್ಯಾಟರಿಗೆ ಸುತ್ತಿದ್ದ ತಂತಿಯನ್ನೇ ಕಿತ್ತು ಪಕ್ಕಕ್ಕಿಟ್ಟಳು. ಈಗ ಪೂರಾ ಬಂದ್ ಆಯಿತು ಎನ್ನುವ ಹಾಗೆ ಕೈ ಕಟ್ಟಿ ನಿಂತಳು.

ಅಷ್ಟು ಹೊತ್ತಿಗೆ ನನ್ನ ಬಾಯಿಗೆ ಇಲ್ಲಿನ ಮಾತೂ ಬರಲಿಲ್ಲ, ಪುಸ್ತಕದ ಮಾತೂ ಬರಲಿಲ್ಲ. “ಅಯ್ಯೋ, ಅಂಗಲ್ಲ ಕನವ್ವ” ಎಂದುಬಿಟ್ಟೆ, ಅಪ್ಪಟ ಕೊಳ್ಳೇಗಾಲದ ಮಾತು. ಕ್ಲಾಸು ಮತ್ತೆ ನಕ್ಕಿತು. ರೇಣುಕಾ ನಗಲಿಲ್ಲ. ಆಕೆ ನಿಜವಾಗಿ ತಿಳಿಯಲಿಕ್ಕೆಂದೇ ಕೇಳಿದಳು: “ಅಕ್ಕೋರ, ಕೆನಾಲ್ ಗೇಟ್ ಬಂದ್ ಮಾಡಿದ್ರ ನೀರ ನಿಲ್ಲತಾವ್ರಿ. ಮೋಟರ್ ಬಂದ್ ಮಾಡಿದ್ರ ಮೋಟರ್ ನಿಲ್ಲತೈತ್ರಿ. ಇದೊಂದು ಬಂದ್ ಮಾಡಿದ್ರ ಹೆಂಗ ಚಾಲೂ ಆಕ್ಕೈತ್ರಿ?”

ನನ್ನ ತರಬೇತಿಯಲ್ಲೆಲ್ಲ ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಬಂದ್ ಎಂದರೆ ಇಲ್ಲಿ ಮುಚ್ಚುವುದೂ ಹೌದು, ಆರಿಸುವುದೂ ಹೌದು. ಬಾಗಿಲಿಗೂ ಅದೇ, ಮೋಟರಿಗೂ ಅದೇ. ನಮ್ಮಲ್ಲಿ ಸ್ವಿಚ್ ಹಾಕು ಎಂದರೆ ದೀಪ ಹತ್ತುತ್ತದೆ, ಬಾಗಿಲು ಹಾಕು ಎಂದರೆ ಮುಚ್ಚುತ್ತದೆ. ಎರಡಕ್ಕೂ ಹಾಕುವುದು ಎನ್ನುವುದರಿಂದ ನನಗೆ ಚಿಕ್ಕಂದಿನಲ್ಲಿ ಈ ಗೊಂದಲ ಬರಲೇ ಇಲ್ಲ. ಇದೆಲ್ಲ ನನಗೆ ಹೊಳೆದದ್ದು ಆಮೇಲೆ, ಮನೆಗೆ ಹೋಗುವ ಬಸ್ಸಿನಲ್ಲಿ. ಆಗ ಕ್ಲಾಸಿನಲ್ಲಿ ಮಾತ್ರ ನನ್ನ ಕಾಲಂನಲ್ಲಿ ಬರೆದಿದ್ದ ನಿರೀಕ್ಷಿತ ಉತ್ತರವನ್ನೇ ನೋಡುತ್ತಾ ನಿಂತೆ. ಕೊನೆಗೆ ನಾನೇ ಗುಬಟು ಒಳಗೆ ತೂರಿಸಿದೆ. ತಂತಿ ಕಿತ್ತಿತ್ತಲ್ಲ, ಬಲ್ಬು ಹತ್ತಲಿಲ್ಲ. ಗಂಟೆ ಹೊಡೆಯಿತು.

ಪರೀಕ್ಷಕರು ಕೆಟ್ಟವರಲ್ಲ. ವಿಷಯ ನಿಮಗೆ ಚೆನ್ನಾಗಿ ತಿಳಿದಿದೆ, ಭಾಷೆ ಇನ್ನೂ ಸುಧಾರಿಸಬೇಕು ಎಂದು ಮೆತ್ತಗೆ ಹೇಳಿ ಹೋದರು. ಪಾಸು ಮಾಡಿದರು, ಅಷ್ಟೇ. ಹೆಡ್‌ಮಾಸ್ತರರು ಗೆಸ್ಟಿನ ಮಾತನ್ನೇ ಎತ್ತಲಿಲ್ಲ. ನಾನು ಮನೆಗೆ ಬಂದು, ಇಲ್ಲಿ ನನ್ನ ಕೆಲಸ ಮುಗಿಯಿತು ಎಂದು ಕಾಕುವಿಗೆ ಹೇಳಿ ಬಟ್ಟೆ ಮಡಚತೊಡಗಿದೆ. ಕಾಕು ಸಮಾಧಾನ ಮಾಡಲಿಲ್ಲ. ಹೋಗುವುದಾದರೆ ಆ ಹುಡುಗಿಗೆ ಉತ್ತರ ಹೇಳಿ ಹೋಗು ಎಂದರು. ಅದು ಸರಿ ಎನ್ನಿಸಿತು.

ಮಾರನೆಯ ದಿನ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಕೈಗೆ ಕೈ ತಾಗುವ ಹಾಗೆ ದುಂಡಗೆ ನಿಲ್ಲಿ ಎಂದೆ. ಒಂದು ಪುಸ್ತಕ ಕೊಟ್ಟು, ಒಬ್ಬರಿಂದೊಬ್ಬರಿಗೆ ದಾಟಿಸಿ ಎಂದೆ. ಪುಸ್ತಕ ಸುತ್ತು ಹಾಕಿ ನನ್ನ ಹತ್ತಿರ ಬಂತು. ಆಮೇಲೆ ಇಬ್ಬರನ್ನು ಹೊರಗೆ ಕಳಿಸಿದೆ. ಸಂದಿ ಬಿದ್ದ ಕಡೆ ಪುಸ್ತಕ ನಿಂತಿತು. ನೀರಾದರೆ ಗೇಟು ದಾಟಿ ಹೊಲಕ್ಕೆ ಹೋಗಿಬಿಡುತ್ತದೆ, ಮರಳಿ ಬರಬೇಕಿಲ್ಲ. ಇದು ಹಾಗಲ್ಲ, ಹೊರಟ ಕಡೆಗೇ ಬರಬೇಕು, ನಡುವೆ ಸಂದಿ ಇದ್ದರೆ ಹೊರಡುವುದೇ ಇಲ್ಲ ಎಂದು ಹೇಳಿದೆ. ನನ್ನ ಕನ್ನಡದಲ್ಲೇ ಹೇಳಿದೆ, ಇವರ ಮಾತು ಆಡಲು ಹೋಗಲಿಲ್ಲ. ರೇಣುಕಾ ಪಕ್ಕದವಳ ಕೈಗೆ ಕೈ ತಾಗಿಸಿ ನೋಡಿ, “ಹಂಗಾದ್ರ ಇದು ಬಂದ್ ಅಲ್ರಿ ಅಕ್ಕೋರ, ಕೂಡಿದ್ದು” ಎಂದಳು. ಕೂಡಿದ ಮಂಡಲ. ಪುಸ್ತಕದವರಿಗೂ ಹೊಳೆಯದ ಪದ. ಆ ಕ್ಷಣ ನನಗೆ ಆದ ಸಂತೋಷವನ್ನು ಯಾವ ನೇಮಕಾತಿಯ ಪತ್ರವೂ ಕೊಡಲಾರದು. ಅದನ್ನು ನೋಡಲು ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಇರಲಿಲ್ಲ, ಹೆಡ್‌ಮಾಸ್ತರರು ತಾಲ್ಲೂಕಿನ ಮೀಟಿಂಗಿಗೆ ಹೋಗಿದ್ದರು.

ಇಷ್ಟಾದ ಮೇಲೆ ಕತೆ ಸುಖವಾಗಿ ಮುಗಿಯಬೇಕಿತ್ತು. ಕಾಲೇಜಿನ ಪರೀಕ್ಷೆ ಮುಗಿಸಲು ನಾನಿನ್ನೂ ಅಣ್ಣಿಗೇರಿಯಲ್ಲೇ ಇದ್ದೆ, ಅಷ್ಟರಲ್ಲಿ ರೇಣುಕಾ ಎಸ್ಸೆಸ್ಸೆಲ್ಸಿ ಪಾಸಾದಳು. ನನಗೂ ಮಿಠಾಯಿ ತಂದು ಕೊಟ್ಟು, ಆರ್ಟ್ಸ್ ತಗೊಂಡೀನ್ರಿ ಎಂದಳು. ಸೈನ್ಸ್ ಓದಬೇಕಾದರೆ ಹುಬ್ಬಳ್ಳಿಗೆ ಹೋಗಬೇಕು, ಬೆಳಗಿನ ಬಸ್ಸಿಗೆ ಹೋದವಳು ಕತ್ತಲಾದ ಮೇಲೆ ಬರಬೇಕು, ಮನೆಯಲ್ಲಿ ಒಪ್ಪಲಿಲ್ಲವಂತೆ. ನಾನು ಅವಳ ಮನೆಗೆ ಹೋಗಿ ಮಾತಾಡಿ ಬಂದೆ. ಅವರು ನನಗೂ ಚಹಾ ಕೊಟ್ಟು, ನಿಮ್ಮನ್ನೇ ಅಷ್ಟು ದೂರ ಓದಿಸಿ ನಿಮ್ಮ ಅಪ್ಪನಿಗೆ ಏನು ಬಂತು ಎಂದು ಕೇಳಿದರು. ಚಹಾ ಮುಗಿಸಿ ಎದ್ದೆ. ಕೋಪ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಗೆಸ್ಟಿನ ಕೆಲಸವೂ ಸಿಕ್ಕಿತು. ನನ್ನ ಪಾಠ ಮೆಚ್ಚಿ ಕೊಟ್ಟರೆಂದುಕೊಳ್ಳಬೇಡಿ. ಜೂನಿನಲ್ಲಿ ಹೆಡ್‌ಮಾಸ್ತರರು ಫೋನ್ ಮಾಡಿ, ಬೇರೆ ಯಾರೂ ಅರ್ಜಿಯೇ ಹಾಕಿಲ್ಲ, ನೀವೇ ಬಂದುಬಿಡಿ ಎಂದರು. ಹಾಗೆ ಹೇಳಿದ್ದಕ್ಕೆ ಬೇಸರವಾಗಲಿಲ್ಲ, ಓಡಿ ಹೋದೆ. ಹೊಸ ಹತ್ತನೆಯ ತರಗತಿಗೆ ಕೂಡಿದ ಮಂಡಲ ಎಂದೇ ಕಲಿಸಿದೆ. ಮೊದಲ ಸಲಕ್ಕೇ ಎಲ್ಲರಿಗೂ ತಿಳಿಯಿತು. ಹತ್ತಿ ಬಿಡಿಸುವ ದಿನಗಳಲ್ಲಿ ಅರ್ಧ ಕ್ಲಾಸು ಖಾಲಿಯಾಗುತ್ತಿತ್ತು. ಬಂದಷ್ಟು ಮಕ್ಕಳಿಗೆ ಕಲಿಸಿ, ಬಿಟ್ಟವರಿಗೆ ಮತ್ತೆ ಕಲಿಸಿದೆ. ನಾನು ಟೀಚರಾದೆ ಎಂದು ನನಗೆ ಅನ್ನಿಸಿದ್ದು ಆ ತಿಂಗಳುಗಳಲ್ಲಿ ಮಾತ್ರ.

ಮುಚ್ಚಿದ ದಾರಿ ತೆರೆದಂತಾಯಿತಲ್ಲ ಎಂದು ನಾನು ನೆಮ್ಮದಿಯಾಗುವಷ್ಟರಲ್ಲಿ ಆ ಹುದ್ದೆಗೆ ವರ್ಗಾವಣೆಯ ಮೇಲೆ ಖಾಯಂ ಶಿಕ್ಷಕರೊಬ್ಬರು ಬಂದರು. ಖಾಯಂನವರು ಬಂದ ದಿನ ಗೆಸ್ಟಿನವರು ಹೋಗಬೇಕು, ಅದು ನಿಯಮ. ಯಾರ ತಪ್ಪೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಶಾಲೆಗೆ ಸ್ವಂತದ ಭೌತಶಾಸ್ತ್ರ ಶಿಕ್ಷಕರು ಬಂದರೆಂದು ನಾನು ಸಂತೋಷಪಡಬೇಕಿತ್ತು. ಸಂತೋಷವಾಗಲಿಲ್ಲ. ಹೊಟ್ಟೆ ಉರಿಯಿತು.

ಈಗ ನಾನು ಅಣ್ಣಿಗೇರಿಯಲ್ಲೇ, ಕಾಕುವಿನ ಮನೆಯಲ್ಲೇ ಇದ್ದೇನೆ. ಸಂಜೆ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಯಾವುದರಿಂದ ಓಡಿ ಬಂದೆನೋ ಅದನ್ನೇ ಇಲ್ಲಿ ಮಾಡುತ್ತಿದ್ದೇನೆ. ಅವ್ವ ಫೋನ್ ಮಾಡಿದಾಗಲೆಲ್ಲ, ಇನ್ನೇನು ಕೆಲಸ ಅಲ್ಲಿ, ಯಾವಾಗ ಬತ್ತೀ ಮಗ ಎನ್ನುತ್ತಾಳೆ. ಬರತೇನಿ ಬೇ ಎಂದುಬಿಡುತ್ತೇನೆ. ಅದೇನಂದೆ ಎಂದು ಅವ್ವ ಆ ಕಡೆಯಿಂದ ಮತ್ತೆ ಕೇಳುತ್ತಾಳೆ. ಇಲ್ಲಿ ತಾಯಂದಿರಿಗೆ ಅಕ್ಕರೆಯಿಂದ ಅನ್ನುವ ಬೇ ನಮ್ಮ ಅವ್ವನಿಗೆ ಬೈದ ಹಾಗೆ ಕೇಳಿಸುತ್ತದಂತೆ. ಹಬ್ಬಕ್ಕೆ ಊರಿಗೆ ಹೋದರೆ ನನ್ನ ಮಾತು ಕೇಳಿ ಬಂಧುಗಳು ನಗುತ್ತಾರೆ, ಇಲ್ಲಿ ಅಂಗಡಿಯವರು ಇನ್ನೂ ‘ಮೈಸೂರು ಕಡೆಯೋರು’ ಎಂದೇ ಗುರುತು ಹಿಡಿಯುತ್ತಾರೆ. ನೇಮಕಾತಿ ಕರೆಯುತ್ತಾರಂತೆ ಎಂದು ಮೊನ್ನೆ ಯಾರೋ ಮತ್ತೆ ಹೇಳಿದರು. ನಾನು ಟ್ಯೂಷನ್ ಮಕ್ಕಳ ಲೆಕ್ಕ ತಿದ್ದತೊಡಗಿದೆ.

ಶಾಲೆಯ ಕೊನೆಯ ದಿನದ್ದೊಂದು ಮಾತು ಉಳಿಯಿತು. ಹೊಸ ಮೇಷ್ಟ್ರು ಮಂಡ್ಯದ ಕಡೆಯವರು. ಬಾಯಿ ತೆರೆದ ಕೂಡಲೇ ನನಗೆ ಗೊತ್ತಾಯಿತು. ಎಷ್ಟು ಪಾಠ ಆಗಿದೆ, ಯಾರಿಗೆ ಏನು ಬರುವುದಿಲ್ಲ ಎಂದು ಬಾಯಿಗೆ ರೂಢಿಯಾಗಿದ್ದ ಇಲ್ಲಿನ ಮಾತಿನಲ್ಲೇ ಒಂದೊಂದಾಗಿ ಹೇಳಿಕೊಟ್ಟೆ. ಆತ ಅರ್ಧ ಕೇಳಿ, ನಿಟ್ಟುಸಿರು ಬಿಟ್ಟರು. ಇಲ್ಲಿನ ಮಾತೇ ತಿಳಿಯುವುದಿಲ್ಲ, ಊಟ ಸೇರುವುದಿಲ್ಲ, ಹೇಗೋ ಸ್ವಲ್ಪ ಕಾಲ ತಳ್ಳಿ ನಮ್ಮ ಕಡೆಗೆ ವರ್ಗ ಮಾಡಿಸಿಕೊಂಡು ಹೋಗಿಬಿಡುತ್ತೇನೆ ಎಂದರು. ಹೋದ ಮೇಲೆ ಈ ಮಕ್ಕಳಿಗೆ ಯಾರು ಎಂದು ನಾನು ಕೇಳಲಿಲ್ಲ, ಆತ ಯೋಚಿಸಿದಂತೆಯೂ ಕಾಣಲಿಲ್ಲ. ಇರಬಲ್ಲವರಿಗೆ ಇಲ್ಲಿ ಇರುವುದು ಬೇಕಿರಲಿಲ್ಲ. ನನಗೆ ಬೇಕಿತ್ತು.

“ನಿಮಗೇನು ಬಿಡಿ ಮೇಡಂ, ನಿಮ್ಮೂರು, ನಿಮ್ಮ ಜನ” ಎಂದರು ಅವರು. “ನೀವು ಇಲ್ಲಿಯವರೇ ಅಲ್ವಾ?”

ಕೊಳ್ಳೇಗಾಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಆತ ಹಿಗ್ಗಿಬಿಡುತ್ತಿದ್ದರು, ಅಯ್ಯೋ ನಮ್ಮ ಕಡೆಯವರೇ ಎನ್ನುತ್ತಿದ್ದರು, ಇನ್ನೇನು ಕೆಲಸ ಇಲ್ಲಿ, ಆರಾಮಾಗಿ ಊರಿಗೆ ಹೋಗಿ ಎನ್ನುತ್ತಿದ್ದರು.

“ಹೌದ್ರಿ, ಇಲ್ಲಿಯವ್ರ” ಎಂದೆ.

ಆತ ನಂಬಿದರು. ಇಷ್ಟು ವರ್ಷಗಳಲ್ಲಿ ನನ್ನನ್ನು ಇಲ್ಲಿಯವಳೆಂದು ನಂಬಿದ್ದು ಅವರೊಬ್ಬರೇ, ಅವರೂ ಇಲ್ಲಿಯವರಲ್ಲ.